ಆಧಾರ್ ತೋರಿಸಿ ಲೈಮ್ ಸೋಡಾ ಕುಡಿದ ಕಥೆ

ನಮ್ಮ ಕಡೆ ಬಾರ್ ಅಂದರೆ ಬಾಗಿಲಿಗೊಂದು ಮಾಸಿದ ಪರದೆ. ಜಮಖಂಡಿ, ಮುಧೋಳ, ಬೀಳಗಿ ಯಾವ ಊರಾದರೂ ಇರಲಿ, ಒಳಗೆ ಹೋಗುವವರು ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿ ಹೋಗುತ್ತಾರೆ. ಹೊರಗೆ ಬರುವಾಗ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಅದರ ಮುಂದೆ ಹಾದು ಹೋಗುವಾಗ ಅವ್ವ ನನ್ನ ಕೈ ಹಿಡಿದು ಬಿರಬಿರನೆ ನಡೆಯುತ್ತಿದ್ದಳು.

ಅಂಥ ಊರಿನ ಹುಡುಗ ನಾನು. ಬಾಗಲಕೋಟೆಯಲ್ಲಿ ಬಿಇ, ಮೆಕ್ಯಾನಿಕಲ್. ಕಳೆದ ರಜೆಯಲ್ಲಿ ನಾಲ್ಕು ವಾರದ ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನ ಪೀಣ್ಯಕ್ಕೆ ಹೋಗಿದ್ದೆ. ಉಳಿದದ್ದು ಕಾಕಾನ ಮಗ, ಅಂದರೆ ನಮ್ಮ ಅಣ್ಣನ ರೂಮಿನಲ್ಲಿ. ಒಂದು ಭಾನುವಾರ ಮಧ್ಯಾಹ್ನ ಅಂವ, ‘ನಡಿ, ಬೀರ್ ಹ್ಯಾಂಗ ಮಾಡ್ತಾರ ತೋರಸ್ತೀನಿ, ನೀ ಮೆಕ್ಯಾನಿಕಲ್ ಅಲ್ಲೇನು?’ ಎಂದ. ನನಗೆ ಎದೆ ಧಸಕ್ಕೆಂದಿತು. ಹೆದರಿಕೆ ಬೀರಿನದಲ್ಲ, ಕರೆದವನು ಅಣ್ಣ ಎಂಬುದರದ್ದು.

ಯಾಕೆಂದರೆ ಬನಹಟ್ಟಿಯಲ್ಲಿದ್ದ ನಮ್ಮ ಕಾಕಾನ ಎರಡು ಪವರ್‌ಲೂಮ್ ಮಗ್ಗಗಳು ಹೋದದ್ದೇ ಕುಡಿತಕ್ಕೆ. ಮೊದಲು ಸಾರಾಯಿ ಪಾಕೀಟು. 2007ರಲ್ಲಿ ಸರ್ಕಾರ ಸಾರಾಯಿ ಬಂದ್ ಮಾಡಿದಾಗ ಚಿಗವ್ವ ದೇವರಿಗೆ ಕಾಯಿ ಒಡೆಸಿದ್ದಳಂತೆ. ಕಾಕಾ ನೈಂಟಿಗೆ ಹೊರಳಿದ, ಅಷ್ಟೇ. ಒಂದು ಮಗ್ಗ ಹೋಯಿತು, ಇನ್ನೊಂದು ಹೋಯಿತು, ಕೊನೆಗೆ ಬೇರೆಯವರ ಮಗ್ಗದಲ್ಲಿ ಕೂಲಿಗೆ ನಿಂತ. ನಾನು ಎಂಟನೆತ್ತೆ ಇದ್ದಾಗ ತೀರಿಕೊಂಡ. ಆ ಮನೆಯ ಮಗ ನನ್ನನ್ನು ಬ್ರೂಪಬ್‌ಗೆ ಕರೆಯುತ್ತಿದ್ದಾನೆ!

ಇಂದಿರಾನಗರದ ಆ ಜಾಗಕ್ಕೆ ಪರದೆಯೇ ಇರಲಿಲ್ಲ. ದೊಡ್ಡ ಗಾಜು, ಒಳಗೆಲ್ಲ ಬೆಳಕು. ಪಕ್ಕದ ಟೇಬಲ್ಲಿಗೆ ಅಜ್ಜ, ಅಜ್ಜಿ, ಎತ್ತರದ ಕುರ್ಚಿಯಲ್ಲಿ ಒಂದು ಕೂಸು. ಕೂಸು ಫ್ರೆಂಚ್ ಫ್ರೈ ತಿನ್ನುತ್ತಿತ್ತು, ಅಜ್ಜ ಬೀರು ಕುಡಿಯುತ್ತಿದ್ದ. ನಾನು ಬಾಯಿ ಬಿಟ್ಟು ನೋಡಿದ್ದಕ್ಕೆ ಅಣ್ಣ ಕಾಲು ತುಳಿದ.

ವೇಟರ್ ಬಂದು ನನ್ನ ಮುಖ ನೋಡಿ ಆಧಾರ್ ಕೇಳಿದ. ವಯಸ್ಸು 20. ‘ಸಾರಿ ಬ್ರೋ, 21 ಆಗಬೇಕು.’ ಆಮೇಲೆ ಹುಡುಕಿ ಓದಿದೆ: 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತ ಇದೆ, 1967ರ ನಿಯಮಗಳಲ್ಲಿ 21. ಈ ಗೊಂದಲ ತೆಗೆದು 18ಕ್ಕೇ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಕೈಬಿಟ್ಟಿತು. ವೋಟು ಹಾಕಬಹುದು, ಬೀರು ಕುಡಿಯುವಂತಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಲಿಲ್ಲ, ಹಾಯೆನಿಸಿತು. ಕುಡಿಯಬೇಕೋ ಬೇಡವೋ ಎಂದು ನಾನು ತಲೆಕೆಡಿಸಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ. ಒಂದು ಲೈಮ್ ಸೋಡಾ ಹೇಳಿದೆ.

ಗಾಜಿನ ಆಚೆ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಬಿಡುವಿನಲ್ಲಿದ್ದ ಅಲ್ಲಿನ ಕೆಲಸಗಾರರೊಬ್ಬರು ನನ್ನ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರಿಸಿದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ನಮ್ಮ ಮಡಿಕೆಕಾಳಿನ ಹಾಗೆಯೇ. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸುತ್ತಾರೆ. ತಣಿಸಿ ಯೀಸ್ಟ್ ಬಿಟ್ಟರೆ ಮುಂದಿನ ಕೆಲಸ ಅದರದೇ. ಗೋಧಿ ಬೀರಿಗೆ ಬಾಳೆಹಣ್ಣಿನ ವಾಸನೆ ಬರುವುದು ಬಾಳೆಹಣ್ಣಿನಿಂದಲ್ಲ, ಯೀಸ್ಟಿನಿಂದಂತೆ!

ಕುದಿಸುವ ಟ್ಯಾಂಕಿನ ಇಣುಕುಗಾಜಿನಲ್ಲಿ ನೊರೆ ಉಕ್ಕುವುದನ್ನು ನೋಡಿದಾಗ ನನಗೆ ನೆನಪಾದದ್ದು ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣ. ಅಲ್ಲೂ ಹೀಗೆಯೇ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತದೆ, ಅಲ್ಲೂ ಒಬ್ಬ ಕಣ್ಣು ಕೀಳದೆ ಕಾಯುತ್ತ ನಿಂತಿರುತ್ತಾನೆ. ಇಲ್ಲಿ ಉಳಿದ ಮಾಲ್ಟಿನ ಚರಟ ದನಗಳ ಮೇವಿಗೆ ಹೋಗುತ್ತದೆ, ಅಲ್ಲಿ ಕಬ್ಬಿನ ಸಿಪ್ಪೆ ಒಲೆಗೆ. ನಮ್ಮ ಗಾಣದವನಿಗೆ ಥರ್ಮಾಮೀಟರ್ ಇಲ್ಲ, ಹದ ನೋಡಲು ಬೆರಳೇ ಸಾಕು. ಯಾರು ದೊಡ್ಡ ಎಂಜಿನಿಯರ್ ಎಂಬುದು ನನಗಿನ್ನೂ ಬಗೆಹರಿದಿಲ್ಲ.

ಟೇಬಲ್ಲಿಗೆ ಬಂದರೆ ಪಿಜ್ಜಾ, ಚಿಲ್ಲಿ ಪನೀರ್, ಕಾಂಗ್ರೆಸ್ ಕಡ್ಲೆಬೀಜ. ಕಡ್ಲೆಬೀಜ ಬಿಟ್ಟು ಉಳಿದದ್ದಕ್ಕೆ ಖಾರ ಸಾಲದು. ಬೆಲೆ ಬರೆದರೆ ಅವ್ವ ಈ ಪುಟ ಹರಿದು ಹಾಕಿಯಾಳು; ನಮ್ಮೂರ ಖಾನಾವಳಿಯಲ್ಲಿ ನಾಲ್ಕು ಜನ ಹೊಟ್ಟೆ ಬಿರಿಯುವಷ್ಟು ಉಂಡು ಏಳಬಹುದಿತ್ತು.

ಅಣ್ಣ ಒಂದೇ ಗ್ಲಾಸು ಗೋಧಿ ಬೀರು ತರಿಸಿದ್ದ. ಮೋಡ ಕವಿದಂಥ ಬಣ್ಣ. ಒಂದು ಗುಟುಕು, ಎರಡು ಮಾತು, ಮತ್ತೊಂದು ತುಂಡು ಪಿಜ್ಜಾ. ನಾನು ಗ್ಲಾಸನ್ನೇ ನೋಡುತ್ತಿದ್ದೆ. ಅವನಿಗೆ ಗೊತ್ತಾಯಿತು.

‘ನಮ್ಮಪ್ಪ ಕುಡಿಯೂದನ್ನ ನಾ ಒಮ್ಮಿನೂ ನೋಡಿಲ್ಲೋ’ ಎಂದ. ‘ಕುಡದು ಬಂದಿದ್ದಷ್ಟ ನೋಡೀನಿ. ಕೌಂಟರ್ ಮುಂದ ನಿಂತು ಎರಡ ನಿಮಿಷದಾಗ ಒಳಗ ಹಾಕತಿದ್ದನಂತ. ಕುಂತು ಕುಡದರ ಹ್ಯಾಂಗಿರತದ ಅಂತ ನೋಡಬೇಕಿತ್ತು ನನಗ.’

‘ಹ್ಯಾಂಗದ?’

‘ಹೆದರಿಕಿ ಹೋಗಿಲ್ಲ’ ಎಂದು ನಕ್ಕ. ಅರ್ಧ ಗ್ಲಾಸು ಹಾಗೆಯೇ ಬಿಟ್ಟು ಬಿಲ್ಲು ಕೇಳಿದ.

ಅಷ್ಟರಲ್ಲಿ ಅವ್ವನ ಫೋನು. ‘ಎಲ್ಲಿ ಅದಿಯೋ ತಮ್ಮಾ? ಊಟ ಆತೇನ?’ ‘ಹೋಟೆಲ್‌ದಾಗ ಅದೀವಿ ಅವ್ವ’ ಎಂದೆ. ಸುಳ್ಳಂತೂ ಅಲ್ಲ.

ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಬಂದವನು ಅಣ್ಣ ಕೊಟ್ಟ ಸೀರೆ ಮುಟ್ಟಿಸಲು ಬನಹಟ್ಟಿಗೆ ಹೋದೆ. ಓಣಿಯಲ್ಲೆಲ್ಲ ಮಗ್ಗದ ಖಟಪಟ. ಚಿಗವ್ವ ರೊಟ್ಟಿ ಬಡಿಯುತ್ತ ಮಗನ ರೂಮು, ಕೆಲಸ, ಊಟ ಎಲ್ಲ ವಿಚಾರಿಸಿದಳು. ಆಮೇಲೆ ನನ್ನ ಕಡೆ ನೋಡದೆಯೇ, ‘ಅಂವ ಕುಡಿತಾನೇನು?’ ಎಂದಳು.

ಬಸ್ಸಿನುದ್ದಕ್ಕೂ ಸುಳ್ಳೊಂದನ್ನು ತಯಾರು ಮಾಡಿಟ್ಟುಕೊಂಡಿದ್ದೆ. ಅದು ಬಾಯಿಗೆ ಬರಲಿಲ್ಲ. ಇದ್ದದ್ದು ಇದ್ದಹಾಗೆ ಹೇಳಿದೆ, ಬಿಟ್ಟ ಅರ್ಧ ಗ್ಲಾಸಿನ ಸಮೇತ. ಸ್ವಲ್ಪ ಹೊತ್ತು ರೊಟ್ಟಿ ಬಡಿಯುವ ಸದ್ದಷ್ಟೇ.

‘ಉಂಡು ಕುಡದನೋ, ಕುಡದು ಉಂಡನೋ?’

‘ಉಣಕೋತ ಕುಡದ, ಚಿಗವ್ವ.’

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ‘ಅವರಪ್ಪ ಎಂದೂ ಉಣ್ಣತಿದ್ದಿಲ್ಲ’ ಎಂದವಳೇ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.