ಪೆಟ್ರೋಲಿನ ಬೆಲೆಯೂ ಗಾಳಿಯ ಶುದ್ಧಿಯೂ

ಇಂದಿನ ನಗರಜೀವನದಲ್ಲಿ ಪೆಟ್ರೋಲು ಅನ್ನ ನೀರುಗಳಂತೆಯೇ ಅವಶ್ಯಕವಾದ ವಸ್ತುವಾಗಿ ಪರಿಣಮಿಸಿದೆ. ಶ್ರಾವಣಮಾಸದ ಸೋಮವಾರಗಳಂದು ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ಹಾದಿಯನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೆಟ್ರೋಲಿನ ಬೆಲೆ ಏರಿದೊಡನೆ ತರಕಾರಿಯ ಬೆಲೆ ಏರುತ್ತದೆ, ರಿಕ್ಷಾದ ಬಾಡಿಗೆ ಏರುತ್ತದೆ. ಆಗ ಜನರು ಬಗೆಬಗೆಯ ಕಾರಣಗಳನ್ನು ಹೇಳುವುದುಂಟು. "ಗಾಳಿಯ ಶುದ್ಧಿಗೆಂದು ಸರಕಾರ ತೈಲ ಕಾರಖಾನೆಗಳ ಮೇಲೆ ಹೇರಿದ ನಿಯಮಗಳಿಂದಲೇ ಪೆಟ್ರೋಲು ತುಟ್ಟಿಯಾಯಿತು" ಎಂಬುದು ಅವುಗಳಲ್ಲೊಂದು. ಈ ಮಾತು ಎಷ್ಟರಮಟ್ಟಿಗೆ ನಿಜ? ಗಣಿತ ಬಲ್ಲ ವಿದ್ಯಾರ್ಥಿಗಳಾದ ನೀವೇ ಲೆಕ್ಕ ಹಾಕಿ ನೋಡಬಹುದು.

ಮೊದಲು ಪೆಟ್ರೋಲು ನಮ್ಮಲ್ಲಿಗೆ ಬರುವ ಬಗೆಯನ್ನು ತಿಳಿಯೋಣ. ನೆಲದಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧೀಕರಣಾಗಾರದಲ್ಲಿ ಕಾಯಿಸಿ, ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಮೊದಲಾದ ಭಾಗಗಳನ್ನು ಬೇರ್ಪಡಿಸುತ್ತಾರೆ. ಮುಂಬಯಿಯ ಮಾಹುಲದಲ್ಲಿ ಇಂತಹ ಎರಡು ದೊಡ್ಡ ಕಾರಖಾನೆಗಳಿವೆ. ಮುಂಬಯಿಯಿಂದ ಕೊಳವೆಮಾರ್ಗವೊಂದು ನಮ್ಮ ಜಿಲ್ಲೆಯ ಮನಮಾಡಕ್ಕೆ ಬರುತ್ತದೆ. ಮನಮಾಡದ ಬಳಿಯ ಪಾನೇವಾಡಿಯ ಉಗ್ರಾಣಗಳಿಂದ ಟ್ಯಾಂಕರುಗಳು ಊರೂರಿಗೆ ಎಣ್ಣೆಯನ್ನು ಒಯ್ಯುತ್ತವೆ. ಕನ್ನಡ ನಾಡಿನಲ್ಲಿ ಮಂಗಳೂರಿನ ಉತ್ತರಕ್ಕೆ 1996ರಲ್ಲಿ ಕೆಲಸ ಆರಂಭಿಸಿದ ಶುದ್ಧೀಕರಣಾಗಾರವಿದೆ. ಅಲ್ಲಿಯ ಎಣ್ಣೆ ಕೊಳವೆಯ ಮೂಲಕ ಘಟ್ಟ ಹತ್ತಿ ಹಾಸನಕ್ಕೂ ಬೆಂಗಳೂರಿಗೂ ಹೋಗುತ್ತದೆ.

ಕಚ್ಚಾ ತೈಲದಲ್ಲಿ ಗಂಧಕ ಬೆರೆತಿರುತ್ತದೆ. ಅದನ್ನು ತೆಗೆಯದೆ ಎಣ್ಣೆಯನ್ನು ಉರಿಸಿದರೆ ಗಂಧಕದ ವಿಷಾನಿಲ ಹುಟ್ಟಿ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಪೀಡಿಸುತ್ತದೆ. ಅಷ್ಟೇ ಅಲ್ಲ, ವಾಹನದ ಹೊಗೆಯನ್ನು ಶುಚಿ ಮಾಡಲು ಹೊಗೆಕೊಳವೆಯಲ್ಲಿ ಅಳವಡಿಸಿದ ಉಪಕರಣವನ್ನೂ ಗಂಧಕ ಕೆಡಿಸುತ್ತದೆ. ಆದುದರಿಂದ ವಾಹನವನ್ನು ಎಷ್ಟು ಸುಧಾರಿಸಿದರೂ ಎಣ್ಣೆ ಸುಧಾರಿಸದ ಹೊರತು ಪ್ರಯೋಜನವಿಲ್ಲ.

ಈ ಸುಧಾರಣೆಯನ್ನು ನಮ್ಮ ದೇಶ ಮೆಟ್ಟಿಲು ಮೆಟ್ಟಿಲಾಗಿ ಮಾಡಿತು. ಮೊದಲು ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸವನ್ನು 2000ನೆಯ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ನಿಲ್ಲಿಸಲಾಯಿತು. ಬಳಿಕ 'ಭಾರತ್ ಸ್ಟೇಜ್' ಎಂಬ ಹೆಸರಿನ ಮಾನಕಗಳು ಬಂದವು. ಮೂರನೆಯ ಮಾನಕದಲ್ಲಿ ಡೀಸೆಲಿನ ಹತ್ತು ಲಕ್ಷ ಭಾಗಗಳಲ್ಲಿ 350 ಭಾಗ ಗಂಧಕ ಇರಬಹುದಾಗಿತ್ತು. ನಾಲ್ಕನೆಯದರಲ್ಲಿ ಅದು 50ಕ್ಕೆ ಇಳಿಯಿತು. ಐದನೆಯದನ್ನು ಬಿಟ್ಟು ನೇರವಾಗಿ ಆರನೆಯದಕ್ಕೆ ಹೋಗುವುದೆಂದು ಸರಕಾರ 2016ರಲ್ಲಿ ನಿಶ್ಚಯಿಸಿತು. ಅದರಂತೆ 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಪೆಟ್ರೋಲು ಡೀಸೆಲುಗಳಲ್ಲಿ ಗಂಧಕ 10 ಭಾಗವನ್ನು ಮೀರಕೂಡದೆಂದಾಯಿತು.

ಹೀಗೆ ಗಂಧಕವನ್ನು ಕಳೆಯುವುದು ಸುಲಭದ ಕೆಲಸವಲ್ಲ. ಎಣ್ಣೆಯನ್ನು ಹೆಚ್ಚಿನ ಉಷ್ಣತೆ ಹಾಗೂ ಒತ್ತಡದಲ್ಲಿ ಜಲಜನಕದೊಡನೆ ಹಾಯಿಸಬೇಕು. ಗಂಧಕವು ಜಲಜನಕವನ್ನು ಕೂಡಿ ಅನಿಲವಾಗಿ ಹೊರಬೀಳುತ್ತದೆ. ಆ ಅನಿಲವನ್ನು ಗಾಳಿಗೆ ಬಿಡುವಂತಿಲ್ಲ. ಅದರಿಂದ ಹಳದಿ ಬಣ್ಣದ ಶುದ್ಧ ಗಂಧಕವನ್ನು ತೆಗೆದು, ಗಂಧಕಾಮ್ಲ, ರಸಗೊಬ್ಬರಗಳ ತಯಾರಿಕೆಗೆ ಮಾರುತ್ತಾರೆ. ಇದಕ್ಕೆಲ್ಲ ಹೊಸ ಯಂತ್ರಗಳು ಬೇಕು, ಜಲಜನಕ ಬೇಕು, ಉರುವಲು ಬೇಕು. ಆರನೆಯ ಮಾನಕಕ್ಕಾಗಿ ತೈಲ ಕಂಪನಿಗಳು ಸುಮಾರು 35,000 ಕೋಟಿ ರೂಪಾಯಿ ವೆಚ್ಚ ಮಾಡಿದವು.

ಮೊತ್ತವನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದನ್ನು ಹಂಚಿ ನೋಡೋಣ. ಆ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಟನ್ನು ಪೆಟ್ರೋಲು, 8 ಕೋಟಿ ಟನ್ನಿಗೂ ಮಿಕ್ಕ ಡೀಸೆಲು ಖರ್ಚಾಗುತ್ತಿತ್ತು. ಲೀಟರಿನಲ್ಲಿ ಹೇಳುವುದಾದರೆ ಎರಡೂ ಕೂಡಿ ಸುಮಾರು 14,000 ಕೋಟಿ ಲೀಟರು. 35,000 ಕೋಟಿಯನ್ನು 14,000 ಕೋಟಿಯಿಂದ ಭಾಗಿಸಿದರೆ ಲೀಟರಿಗೆ ಎರಡೂವರೆ ರೂಪಾಯಿ. ಇದು ಎಲ್ಲ ಹಣವನ್ನು ಒಂದೇ ವರ್ಷದಲ್ಲಿ ಹಿಂಪಡೆಯುವುದಾದರೆ. ಯಂತ್ರಗಳು ಹಲವು ವರ್ಷ ಬಾಳುವಂಥವು. ಹತ್ತು ವರ್ಷಕ್ಕೆ ಹಂಚಿದರೆ ಲೀಟರಿಗೆ 25 ಪೈಸೆ ಮಾತ್ರ. ಅದಕ್ಕೆ ಬಡ್ಡಿಯನ್ನೂ ಜಲಜನಕದ ಖರ್ಚನ್ನೂ ಸೇರಿಸಿದರೆ, ಕಂಪನಿಗಳು ಅಂದು ಅಂದಾಜು ಮಾಡಿದಂತೆ, ಲೀಟರಿಗೆ ಒಂದು ರೂಪಾಯಿಯ ಆಸುಪಾಸಿಗೆ ಬರುತ್ತದೆ.

ಆ ಒಂದು ರೂಪಾಯಿಯಾದರೂ ನಮ್ಮ ಮೇಲೆ ಬಿತ್ತೇ? 2020ರ ಏಪ್ರಿಲ್ 1ರಂದು ಪಂಪಿನ ದರ ಅದಕ್ಕಾಗಿ ಏರಲಿಲ್ಲ. ಜನವರಿಯಲ್ಲಿ ಪೀಪಾಯಿಗೆ 60 ಡಾಲರಿಗೂ ಮೇಲಿದ್ದ ಕಚ್ಚಾ ತೈಲದ ಬೆಲೆ, ಕೊರೋನಾ ರೋಗದ ದೆಸೆಯಿಂದ ಮಾರ್ಚಿಯ ಕೊನೆಗೆ 25 ಡಾಲರಿಗಿಂತ ಕೆಳಗಿಳಿದಿತ್ತು. ಆ ಇಳಿತದಲ್ಲಿ ಈ ರೂಪಾಯಿ ಸರಿದೂಗಿಹೋಯಿತು. ಅದೇ ವರ್ಷ ಕೇಂದ್ರದ ಅಬಕಾರಿ ಸುಂಕವು ಪೆಟ್ರೋಲಿನ ಮೇಲೆ ಮಾರ್ಚಿಯಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ 10 ರೂಪಾಯಿ ಏರಿತು. ಎರಡೇ ತಿಂಗಳಲ್ಲಿ ಏರಿದ ಸುಂಕ 13 ರೂಪಾಯಿ. ಗಾಳಿಯ ಶುದ್ಧಿಗೆ ತಗಲಿದ್ದು ಒಂದು ರೂಪಾಯಿ. ಯಾವುದು ಆನೆ, ಯಾವುದು ಆಡು ಎಂಬುದನ್ನು ನೀವೇ ನಿರ್ಣಯಿಸಿರಿ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಮ್ಮಲ್ಲಿ ಕಾರಖಾನೆಯ ಬಾಗಿಲಿನ ದರವನ್ನು ಆ ಕಾರಖಾನೆಯ ಖರ್ಚಿನಿಂದ ಕಟ್ಟುವುದಿಲ್ಲ; ಅರಬ್ ದೇಶಗಳ ಕಡೆಯ ಅಂತರರಾಷ್ಟ್ರೀಯ ಪೇಟೆಯ ದರವನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ. ಆದುದರಿಂದ ಮಾಹುಲದ ಇಲ್ಲವೆ ಮಂಗಳೂರಿನ ಕಾರಖಾನೆ ಹೊಗೆ ತಡೆಯಲು ಹೆಚ್ಚು ಖರ್ಚು ಮಾಡಿದರೆ, ಅದು ಬಹುಮಟ್ಟಿಗೆ ಆ ಕಾರಖಾನೆಯ ಲಾಭದಲ್ಲಿ ಕಳೆಯುತ್ತದೆಯೇ ಹೊರತು ನಮ್ಮ ಊರಿನ ಪಂಪಿಗೆ ನೇರವಾಗಿ ಬರುವುದಿಲ್ಲ. ಊರಿನಿಂದ ಊರಿಗೆ ದರ ಬೇರೆಯಾಗುವುದು ಟ್ಯಾಂಕರಿನ ಸಾಗಣೆ ಹಾಗೂ ರಾಜ್ಯದ ತೆರಿಗೆಗಳಿಂದ. ನಿಪ್ಪಾಣಿಯಲ್ಲಿಯೂ ಕೊಲ್ಹಾಪುರದಲ್ಲಿಯೂ ದೊರೆಯುವ ಪೆಟ್ರೋಲಿನ ಮಾನಕ ಒಂದೇ, ನಿಯಮ ಒಂದೇ. ಆದರೆ ಗಡಿ ದಾಟಿದೊಡನೆ ದರ ಬದಲಾಗುತ್ತದೆ.

ಹಾಗಾದರೆ ಪರಿಸರದ ನಿಯಮದಿಂದ ಬೆಲೆ ಏರುವುದೇ ಇಲ್ಲವೇ? ಏರುವುದುಂಟು, ನಿಯಮ ಊರಿಗೊಂದು ಬಗೆಯಾದಾಗ. ಅಮೇರಿಕೆಯ ಕ್ಯಾಲಿಫೋರ್ನಿಯಾ ರಾಜ್ಯವು ತನಗೆಂದೇ ವಿಶೇಷ ಪೆಟ್ರೋಲನ್ನು ವಿಧಿಸಿಕೊಂಡಿದೆ. ಅದನ್ನು ತಯಾರಿಸುವ ಕಾರಖಾನೆಗಳು ಕೆಲವೇ. 2015ರ ಫೆಬ್ರವರಿಯಲ್ಲಿ ಅಲ್ಲಿಯ ಟೊರೆನ್ಸ್ ಎಂಬಲ್ಲಿ ಒಂದು ಕಾರಖಾನೆ ಸ್ಫೋಟದಿಂದ ಕೆಟ್ಟಾಗ, ನೆರೆಯ ರಾಜ್ಯದ ಪೆಟ್ರೋಲನ್ನು ತಂದು ಮಾರುವಂತಿರಲಿಲ್ಲ, ಬೆಲೆ ಜಿಗಿಯಿತು. ನಮ್ಮಲ್ಲಿಯೂ 2010ರಲ್ಲಿ ನಾಲ್ಕನೆಯ ಮಾನಕ ಮೊದಲು ಬಂದುದು 13 ನಗರಗಳಿಗೆ ಮಾತ್ರ. ಮುಂಬಯಿ, ಪುಣೆ, ಸೊಲ್ಲಾಪುರ, ಬೆಂಗಳೂರುಗಳು ಆ ಪಟ್ಟಿಯಲ್ಲಿದ್ದವು, ನಾಸಿಕ ಇರಲಿಲ್ಲ. ನಗರಕ್ಕೆ ಒಂದು ಎಣ್ಣೆ, ಹಳ್ಳಿಗೆ ಒಂದು ಎಣ್ಣೆಯಾದಾಗ ಲಾರಿಗಳು ಹೊರಗೆ ಎಣ್ಣೆ ತುಂಬಿಸಿಕೊಂಡು ನಗರದೊಳಗೆ ಹೊಗೆ ಬಿಡುತ್ತಿದ್ದವು. 2017ರಲ್ಲಿ ನಾಲ್ಕನೆಯ ಮಾನಕ ದೇಶಕ್ಕೆಲ್ಲ ಅನ್ವಯಿಸಿದ ಮೇಲೆ ಈ ಭೇದ ಅಳಿಯುತ್ತ ಬಂದು, 2020ರ ಏಪ್ರಿಲಿನಿಂದ ಎಲ್ಲರಿಗೂ ಆರನೆಯ ಮಾನಕವೊಂದೇ ಆಯಿತು. ನಿಯಮ ಸರ್ವರಿಗೂ ಸಮಾನವಾಗಿದ್ದರೆ ಅದರ ಭಾರವೂ ಹಂಚಿಹೋಗಿ ಹಗುರವಾಗುತ್ತದೆ.

ಇಲ್ಲಿಯವರೆಗೆ ಕೊಳ್ಳುವವರ ಲೆಕ್ಕವನ್ನು ಮಾಡಿದೆವು. ಕಾರಖಾನೆಯ ನೆರಳಿನಲ್ಲಿ ಬಾಳುವವರ ಲೆಕ್ಕ ಬೇರೆ. ಮಾಹುಲ ಹಾಗೂ ಅಂಬಾಪಾಡ ಗ್ರಾಮಗಳ ನಿವಾಸಿಗಳು ತಮ್ಮ ಗಾಳಿ ಕೆಟ್ಟಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. ಅವರ ಆರೋಗ್ಯಕ್ಕೆ ಅಪಾಯವಿದೆಯೆಂದು ಮಂಡಳಿಯು 2015ರಲ್ಲಿ ಒಪ್ಪಿತು. ಮಂಗಳೂರಿನ ಬಳಿಯ ಜೋಕಟ್ಟೆಯ ಜನರು ಕಾರಖಾನೆಯ ಕೋಕ್ ಹಾಗೂ ಗಂಧಕ ಘಟಕದ ಧೂಳು ದುರ್ಗಂಧಗಳ ವಿರುದ್ಧ ಹೋರಾಟ ಹೂಡಿದರು. ನಾವು ಲೀಟರಿಗೆ ಒಂದು ರೂಪಾಯಿ ಉಳಿಸಬೇಕೆಂದು ನಿಯಮವನ್ನು ಸಡಿಲಿಸಿದರೆ, ಆ ರೂಪಾಯಿ ಮಾಯವಾಗುವುದಿಲ್ಲ. ಆ ಊರಿನ ಮಕ್ಕಳು ಕೆಮ್ಮಿನ ರೂಪದಲ್ಲಿ, ಅವರ ತಂದೆತಾಯಿಗಳು ಔಷಧದ ರೂಪದಲ್ಲಿ ಅದನ್ನು ತೆರುತ್ತಾರೆ. ಆ ಲೆಕ್ಕ ಪಂಪಿನ ಫಲಕದ ಮೇಲೆ ಕಾಣುವುದಿಲ್ಲ.

ವಿದ್ಯಾರ್ಥಿಗಳೇ, ಬೆಲೆ ಏರಿತೆಂದು ಯಾರಾದರೂ ಗೊಣಗಿದಾಗ ಕಾರಣವನ್ನು ಬಿಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿರಿ. ಕಚ್ಚಾ ತೈಲಕ್ಕೆಷ್ಟು, ತೆರಿಗೆಗೆಷ್ಟು, ಸಾಗಣೆಗೆಷ್ಟು, ಶುದ್ಧಿಗೆಷ್ಟು ಎಂದು ಕೇಳಿರಿ. ಎಲ್ಲಕ್ಕಿಂತ ಚಿಕ್ಕದಾದ ಭಾಗದ ಮೇಲೆ ಎಲ್ಲ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿಯ ನೀರು ನಿರ್ಮಲವಾಗಿರಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಉಸಿರಾಡುವ ಗಾಳಿಗೂ ಅದೇ ನ್ಯಾಯ ಸಲ್ಲಬೇಕು. ಅದಕ್ಕಾಗಿ ಲೀಟರಿಗೆ ಒಂದು ರೂಪಾಯಿ ತೆರಬೇಕಾಗಿ ಬಂದರೂ ಅದು ದುಬಾರಿಯೆನಿಸದು.