ಮಕ್ಕಳಿಗೆ ಧೈರ್ಯ ಕಲಿಸುವವರು ಯಾರು?

ಬೀದರ್ ಜಿಲ್ಲೆಯ ಹುಲಸೂರ ಮಹಾರಾಷ್ಟ್ರ ಗಡಿಯ ಸಮೀಪದ ಊರು. 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಈ ಜಿಲ್ಲೆ ಸೇರಿದೆ. ನಮ್ಮ ಕರಾವಳಿಯಂತೆ ಅಲ್ಲಿ ಹೆಜ್ಜೆಗೊಂದು ಇಗರ್ಜಿಯಿಲ್ಲ. ಅಂಥ ಕಡೆ ತರಗತಿಗೆ ಒಂದೇ ಕ್ರೈಸ್ತ ಮಗು ಇರಬಹುದು. "ನೀವು ಯಾರು?" ಎಂದು ಗೆಳೆಯರು ಕೇಳಿದರೆ ತಲೆ ತಗ್ಗಿಸದೆ, ಜಗಳಕ್ಕೂ ಇಳಿಯದೆ ಉತ್ತರಿಸಲು ಅದಕ್ಕೆ ಧೈರ್ಯ ಬೇಕು.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ ಮೊದಲು ಅವನ ಅಜ್ಜಿ ಮತ್ತು ತಾಯಿಯ ವಿಶ್ವಾಸವನ್ನು ನೆನೆಯುತ್ತಾರೆ. ಅಂಜಬೇಡ ಎಂಬ ಅರ್ಥದ ಮಾತು ಬರುವುದು ಆಮೇಲೆ. ತಂದೆತಾಯಿಗಳೇ ಮಕ್ಕಳ ಮೊದಲ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಹೇಳಿತು. ನಾವೋ, ಈ ಕೆಲಸವನ್ನು ಭಾನುವಾರದ ಧರ್ಮೋಪದೇಶಕ್ಕೆ ವಹಿಸಿ ಸುಮ್ಮನಾಗುತ್ತೇವೆ.

ಹಾಲು ಚೆಲ್ಲಿದ ಮಗು ತಾನಾಗಿ ಬಂದು ಹೇಳಿದಾಗ ಏನು ಮಾಡುತ್ತೇವೆ? ಹೊಡೆದರೆ ಮುಂದಿನ ಸಲ ಅದು ಸುಳ್ಳು ಹೇಳುತ್ತದೆ. ನಿಜ ಹೇಳಿದ್ದನ್ನು ಮೊದಲು ಮೆಚ್ಚಿರಿ, ನಂತರ ನೆಲ ಒರೆಸಲು ಕರೆಯಿರಿ. ಅಪ್ಪನೂ ತನ್ನ ತಪ್ಪಿಗೆ ಮಗನ ಮುಂದೆ ಕ್ಷಮೆ ಕೇಳಬೇಕು. (ನಮ್ಮ ಗಂಡಸರಿಗೆ ಇದೇ ಕಷ್ಟ!)

ಹುಲಸೂರಿನ ಮಕ್ಕಳಿಗೆ ನೆರೆಯ ಬಸವಕಲ್ಯಾಣದ ಉದಾಹರಣೆಯೂ ಇದೆ. 12ನೆಯ ಶತಮಾನದಲ್ಲಿ ಅಲ್ಲಿ ಬಸವಣ್ಣ ಮತ್ತು ಶರಣರು ಜಾತಿಭೇದವನ್ನು ಎದುರಿಸಿದರು. ಮಕ್ಕಳ ಮದುವೆಯಿಂದ ಜಾತಿ ಮೀರಿದ ಹರಳಯ್ಯ, ಮಧುವರಸರು ಪ್ರಾಣವನ್ನೇ ತೆತ್ತರೆಂದು ಪರಂಪರೆ ಹೇಳುತ್ತದೆ. ನೆರೆಯವರ ಹಿರಿಯರ ಈ ಕಥೆಯನ್ನು ಗೌರವದಿಂದ ಕೇಳುವ ಮಗು ತನ್ನ ಸಂತರ ಕಥೆ ಹೇಳಲು ನಾಚುವುದಿಲ್ಲ.

ರಾತ್ರಿ ಜಪಸರದ ನಂತರ, ಟಿವಿ ಹಾಕುವ ಮುಂಚೆ, "ಇವತ್ತು ಶಾಲೆಯಲ್ಲಿ ಯಾರ ಪರವಾಗಿ ಮಾತಾಡಿದೆ?" ಎಂದು ಕೇಳಿ ನೋಡಿ. ಮೊದಮೊದಲು ಉತ್ತರ ಬಾರದಿರಬಹುದು.