ಪಟ್ಟಿಯಾಚೆಯ ಬದುಕು: ಕೊಂಢವಾ ಮತ್ತು ಕುಷ್ಠರೋಗ ಯೋಜನೆಯ ಪರಿಭಾಷೆ

ಕನ್ನಡ ವಿಭಾಗದ ಸ್ಮರಣ ಸಂಪುಟವೊಂದರಲ್ಲಿ ಆರೋಗ್ಯ ಯೋಜನೆಯನ್ನು ಕುರಿತ ಬರಹಕ್ಕೆ ಎಡೆಯುಂಟೇ ಎಂಬ ಪ್ರಶ್ನೆ ಸಹಜವಾದುದು. ಆದರೆ ಸರ್ಕಾರದ ಯೋಜನೆಗಳು ರೂಪುಗೊಳ್ಳುವುದು ಪದಗಳಿಂದ; ಅವು ಜನರನ್ನು ಮುಟ್ಟುವುದೂ ಪದಗಳ ಮೂಲಕವೇ. ಯಾರನ್ನು 'ರೋಗಿ' ಎನ್ನಬೇಕು, ಯಾವುದನ್ನು 'ನಿರ್ಮೂಲನ' ಎನ್ನಬೇಕು, 'ಗುಣವಾದವರು' ಎಂದರೆ ಯಾರು ಎಂಬ ನಿರ್ಣಯಗಳು ಭಾಷಿಕ ನಿರ್ಣಯಗಳೂ ಹೌದು. ಪುಣೆಯ ಕೊಂಢವಾದ ಕುಷ್ಠರೋಗ ಆಸ್ಪತ್ರೆಯನ್ನು ಕೇಂದ್ರವಾಗಿರಿಸಿಕೊಂಡು, ದುರ್ಬಲರ ಆರೋಗ್ಯಕ್ಕಾಗಿ ಪ್ರಭುತ್ವವು ಯೋಜಿಸುವ ಬಗೆಯನ್ನೂ, ಆ ಯೋಜನೆಯ ಕಣ್ಣಿಗೆ ಬೀಳದೆ ಉಳಿಯುವವರ ಸ್ಥಿತಿಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಊರ ಹೊರಗಿನಿಂದ ಊರ ಒಳಗೆ

ಕೊಂಢವಾ ಎಂಬುದು ಒಂದು ಊರಲ್ಲ, ಎರಡು: ಕೊಂಢವಾ ಖುರ್ದ, ಕೊಂಢವಾ ಬುದ್ರುಕ. ಪಾರಸಿ ಮೂಲದ ಈ ವಿಶೇಷಣಗಳು ನಮ್ಮ 'ಚಿಕ್ಕ', 'ಹಿರೇ'ಗಳಿಗೆ ಸಮಾನವಾದವು. ಬೆಳಗಾವಿ, ಬೀದರ್ ಸೀಮೆಯ ಗ್ರಾಮನಾಮಗಳಲ್ಲಿ ಇವುಗಳನ್ನು ಕಂಡವರಿಗೆ ಇದು ಹೊಸದಲ್ಲ. ಒಂದು ಕಾಲಕ್ಕೆ ಪುಣೆಯ ದಂಡುಪ್ರದೇಶದಿಂದ ದೂರವಿದ್ದ ಈ ಹಳ್ಳಿಗಳಲ್ಲಿ ಕುಷ್ಠರೋಗಿಗಳ ಆಶ್ರಯಧಾಮವು ನೆಲೆಗೊಂಡಿತು. ದೂರವೇ ಇಂತಹ ಸಂಸ್ಥೆಗಳ ಸ್ಥಳನಿರ್ಣಯಕ್ಕೆ ಕಾರಣ. 1898ರ ಕುಷ್ಠರೋಗಿಗಳ ಕಾಯ್ದೆಯು ಜೀವನಾಧಾರವಿಲ್ಲದ ರೋಗಿಯನ್ನು ವಾರಂಟ್ ಇಲ್ಲದೆಯೇ ಹಿಡಿದು ಇಂತಹ ಧಾಮಕ್ಕೆ ಸೇರಿಸುವ ಅಧಿಕಾರವನ್ನು ಪೊಲೀಸರಿಗೆ ನೀಡಿತ್ತು. ವಸಾಹತು ಪ್ರಭುತ್ವದ ದೃಷ್ಟಿಯಲ್ಲಿ ಯೋಜನೆ ಎಂದರೆ ಪ್ರತ್ಯೇಕಿಸುವುದು.

ಇಂದು ಅದೇ ಕೊಂಢವಾ ಪುಣೆ ಮಹಾನಗರಪಾಲಿಕೆಯ ಒಳಗಿದೆ; ಬಹುಮಹಡಿ ಕಟ್ಟಡಗಳು ಸುತ್ತಲೂ ಎದ್ದಿವೆ. ಡಾ. ಬಂದೋರವಾಲಾ ಅವರ ಹೆಸರಿನ ಕುಷ್ಠರೋಗ ಆಸ್ಪತ್ರೆ ಈ ನೆಲದಲ್ಲಿ ಸೇವೆ ಸಲ್ಲಿಸುತ್ತ ಬಂದಿದೆ. ಊರು ತಾನಾಗಿ ಬೆಳೆದು ರೋಗಿಯ ಬಳಿಗೆ ಬಂದಿತೇ ಹೊರತು, ರೋಗಿಯನ್ನು ಊರು ಕರೆದುಕೊಂಡಿತೆಂದು ಹೇಳುವಂತಿಲ್ಲ.

ಕೊಂಢವಾದ ಚರಿತ್ರೆಯಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. 1922ರಲ್ಲಿ ಹುಬ್ಬಳ್ಳಿಯಲ್ಲಿ, ಪಾರಸಿ ಮನೆತನದಲ್ಲಿ ಜನಿಸಿದ ಡಾ. ನೊಶೀರ್ ಎಚ್. ಅಂತಿಯಾ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯ ಶಿಕ್ಷಣ ಪಡೆದು ಮರಳಿದ ಮೇಲೆ, 1950ರ ದಶಕದ ಉತ್ತರಾರ್ಧದಲ್ಲಿ, ಕೊಂಢವಾದ ರೋಗಿಗಳ ವಿರೂಪಗೊಂಡ ಮುಖ ಹಾಗೂ ಕೈಗಳನ್ನು ಸರಿಪಡಿಸುವ ಕಾರ್ಯದಲ್ಲಿ ತೊಡಗಿದರು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅವರು 1940ರ ದಶಕದ ಕೊನೆಯಲ್ಲಿ ಆರಂಭಿಸಿದ್ದ ಕೈಗಳ ಶಸ್ತ್ರಚಿಕಿತ್ಸೆಯೊಡನೆ ಇದನ್ನು ಸೇರಿಸಿ ನೋಡಬೇಕು. ಮುಂದೆ ಅಂತಿಯಾ ಅವರು ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಕುಷ್ಠರೋಗಿಗಳಿಗೂ ಇತರ ರೋಗಿಗಳೊಡನೆಯೇ ಹಾಸಿಗೆ ದೊರೆಯುವಂತೆ ಮಾಡಿದರು. ಕೊಂಢವಾದ ಆಸ್ಪತ್ರೆಯಲ್ಲಿ ಪುನಾರಚನಾ ಶಸ್ತ್ರಚಿಕಿತ್ಸೆಯ ಪರಂಪರೆಯನ್ನು ದೀರ್ಘಕಾಲ ನಡೆಸಿದವರು ಪುಣೆ ಜಿಲ್ಲಾ ಕುಷ್ಠರೋಗ ಸಮಿತಿಯ ಡಾ. ಜಾಲ್ ಮೆಹತಾ.

2. ರೋಗದ ಸ್ವರೂಪ ಮತ್ತು ಅದರ ಹೆಸರುಗಳು

ಸಂಸ್ಕೃತ ವೈದ್ಯಗ್ರಂಥಗಳಲ್ಲಿ 'ಕುಷ್ಠ'ವೆಂಬುದು ಒಂದು ರೋಗದ ಹೆಸರಲ್ಲ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ, ಒಟ್ಟು ಹದಿನೆಂಟು ಬಗೆಯ ಚರ್ಮವ್ಯಾಧಿಗಳಿಗೆ ಅದು ಸಾಮಾನ್ಯ ನಾಮ. ಕನ್ನಡದ 'ತೊನ್ನು' ಇಂದು ಬಣ್ಣಗೆಟ್ಟ ಬಿಳಿಯ ಚರ್ಮವನ್ನು ಸೂಚಿಸುವ ಪದ; ಅದು ಅಂಟುವುದಿಲ್ಲ, ಸ್ಪರ್ಶವನ್ನು ಕೆಡಿಸುವುದಿಲ್ಲ. ಆದರೂ ಜನಬಳಕೆಯಲ್ಲಿ ಈ ಎರಡೂ ಬೆರೆತು, ಬೈಗುಳವಾಗಿಯೂ ನಿಂತಿವೆ. 1873ರಲ್ಲಿ ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಗುರುತಿಸಿದ ಮೇಲೆ 'ಕುಷ್ಠರೋಗ'ವು ನಿರ್ದಿಷ್ಟ ಅರ್ಥ ಪಡೆಯಿತು. ಪದಕ್ಕೆ ಅಂಟಿದ ಪಾಪದ ಕಲ್ಪನೆ ಮಾತ್ರ ಕಳಚಲಿಲ್ಲ.

ಈ ರೋಗಾಣು ಮುಖ್ಯವಾಗಿ ಚರ್ಮವನ್ನೂ ನರಗಳನ್ನೂ ಆಕ್ರಮಿಸುತ್ತದೆ. ಮೊಣಕೈ ಬಳಿಯ ನರ ಕೆಟ್ಟರೆ ಬೆರಳುಗಳು ಮಡಚಿಕೊಳ್ಳುತ್ತವೆ. ಮುಖದ ನರ ಕೆಟ್ಟರೆ ರೆಪ್ಪೆ ಮುಚ್ಚುವುದಿಲ್ಲ. ಪಾದದ ನರ ಕೆಟ್ಟರೆ ಅಂಗಾಲಿಗೆ ನೋವೇ ತಿಳಿಯುವುದಿಲ್ಲ. ಚಪ್ಪಲಿಯಲ್ಲಿ ಹೊಕ್ಕ ಕಲ್ಲನ್ನು ಅರಿಯದೆ ದಿನವಿಡೀ ನಡೆದವನ ಕಾಲು ಸಂಜೆಗೆ ಹುಣ್ಣಾಗಿರುತ್ತದೆ. ಬೆರಳುಗಳು ರೋಗದಿಂದ ಉದುರುತ್ತವೆಂಬುದು ತಪ್ಪು ತಿಳಿವಳಿಕೆ. ನೋವಿನ ಎಚ್ಚರಿಕೆಯಿಲ್ಲದ ಅಂಗಕ್ಕೆ ಮರಳಿ ಮರಳಿ ಆಗುವ ಗಾಯ, ಸೋಂಕುಗಳಿಂದಲೇ ಅವು ಸವೆಯುತ್ತವೆ. ಔಷಧವು ರೋಗಾಣುವನ್ನು ಕೊಲ್ಲುತ್ತದೆ. ಬಹುಕಾಲ ಕೆಟ್ಟಿರುವ ನರಕ್ಕೆ ಜೀವ ತುಂಬಲಾರದು. ಮುಂದಿನ ಚರ್ಚೆಯೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

3. ಲೆಕ್ಕದ ಬಗೆ

ಸ್ವತಂತ್ರ ಭಾರತವು 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಬಹೌಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1981ರಲ್ಲಿ ಶಿಫಾರಸು ಮಾಡಿದ ಬಳಿಕ, 1983ರಲ್ಲಿ ಕಾರ್ಯಕ್ರಮದ ಹೆಸರಿನಲ್ಲಿದ್ದ 'ನಿಯಂತ್ರಣ'ವು 'ನಿರ್ಮೂಲನ'ವಾಯಿತು. ನಿರ್ಮೂಲನವೆಂದರೆ ಬೇರುಸಹಿತ ಕೀಳುವುದು. ಆದರೆ 1991ರಲ್ಲಿ ವಿಶ್ವ ಆರೋಗ್ಯ ಸಭೆಯು ಇರಿಸಿಕೊಂಡ ಗುರಿ ಬೇರೆಯದು: ಹತ್ತು ಸಾವಿರ ಜನರಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಸಂಖ್ಯೆ ಒಂದಕ್ಕಿಂತ ಕಡಿಮೆಯಾದರೆ, ರೋಗವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಭಾವಿಸುವುದು. ಮೂಲದಲ್ಲಿ ಎರಡು ಭಿನ್ನ ಪದಗಳಿಂದ ಸೂಚಿತವಾದ ಈ ಎರಡು ಕಲ್ಪನೆಗಳಿಗೆ ಕನ್ನಡದಲ್ಲಿ ನಾವು ಒಂದೇ 'ನಿರ್ಮೂಲನ'ವನ್ನು ಬಳಸಿದೆವು. 2005ರ ಡಿಸೆಂಬರಿನಲ್ಲಿ ಭಾರತವು ರಾಷ್ಟ್ರಮಟ್ಟದಲ್ಲಿ ಆ ಗುರಿಯನ್ನು ಮುಟ್ಟಿದಾಗ, ಓದುಗನು ಅರ್ಥಮಾಡಿಕೊಂಡದ್ದು 'ರೋಗ ಹೋಯಿತು' ಎಂದೇ.

ಲೆಕ್ಕದ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಒಂದು ಜಿಲ್ಲೆಯಲ್ಲಿ ವರ್ಷಕ್ಕೆ ನೂರು ಹೊಸ ರೋಗಿಗಳು ಪತ್ತೆಯಾಗುತ್ತಾರೆಂದು ಭಾವಿಸೋಣ. ಚಿಕಿತ್ಸೆಯ ಅವಧಿ ಎರಡು ವರ್ಷವಾದರೆ ಯಾವುದೇ ದಿನ ಪಟ್ಟಿಯಲ್ಲಿ ಸುಮಾರು ಇನ್ನೂರು ಹೆಸರುಗಳಿರುತ್ತವೆ. ಒಂದು ವರ್ಷಕ್ಕೆ ಇಳಿಸಿದರೆ ನೂರು. ಆರು ತಿಂಗಳಾದರೆ ಐವತ್ತು. ಹೊಸ ರೋಗಿ ಒಬ್ಬನೂ ಕಡಿಮೆಯಾಗದೆ ಪಟ್ಟಿ ಕಿರಿದಾಗಬಲ್ಲದು. ಹೆಚ್ಚು ರೋಗಾಣುಗಳಿರುವ ಬಗೆಗೆ ಇಪ್ಪತ್ತನಾಲ್ಕು ತಿಂಗಳಿದ್ದ ಚಿಕಿತ್ಸೆಯನ್ನು ಹನ್ನೆರಡಕ್ಕೆ ಇಳಿಸಲು 1997ರಲ್ಲಿ ತಜ್ಞರ ಸಮಿತಿ ಶಿಫಾರಸು ಮಾಡಿತು. ವೈದ್ಯಕೀಯವಾಗಿ ಇದು ರೋಗಿಗೆ ಉಪಕಾರವೇ. ಬಹೌಷಧ ಚಿಕಿತ್ಸೆಯಿಂದ ಲಕ್ಷಾಂತರ ಜನ ಗುಣವಾದುದೂ ನಿಜ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಪಟ್ಟಿ ಕಿರಿದಾದುದೆಲ್ಲ ರೋಗ ಕಿರಿದಾದುದರ ಪ್ರಮಾಣವಲ್ಲ. 2023ರಲ್ಲಿಯೂ ಭಾರತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ಜಗತ್ತಿನ ಹೊಸ ರೋಗಿಗಳಲ್ಲಿ ಇದು ಅರ್ಧಕ್ಕಿಂತ ಮಿಗಿಲು.

ಚಿಕಿತ್ಸೆ ಮುಗಿದ ದಿನ ರೋಗಿಯ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. ಸ್ಪರ್ಶವಿಲ್ಲದ ಅವನ ಅಂಗಾಲು ಮಾತ್ರ ಹಾಗೆಯೇ ಉಳಿಯುತ್ತದೆ. ಅವನಿಗೆ ಬೇಕಾದುದು ಮಾತ್ರೆಯಲ್ಲ, ಮೆತ್ತನೆಯ ರಬ್ಬರಿನ ಪಾದರಕ್ಷೆ, ಪಾದವನ್ನು ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಿ ದಿನವೂ ಪರೀಕ್ಷಿಸಿಕೊಳ್ಳುವ ಅಭ್ಯಾಸ, ಹುಣ್ಣಿಗೆ ಶುಶ್ರೂಷೆ, ಅಗತ್ಯವಾದರೆ ಶಸ್ತ್ರಚಿಕಿತ್ಸೆ, ಅದೂ ಬದುಕಿನುದ್ದಕ್ಕೂ. ಅಂಗವೈಕಲ್ಯ ತಡೆ ಹಾಗೂ ವೈದ್ಯಕೀಯ ಪುನರ್ವಸತಿಯ ಅಂಗವೊಂದು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದ್ದು ಈ ಅರಿವಿನಿಂದಲೇ. ಆದರೆ ಇದೇ ಶತಮಾನದ ಆರಂಭದ ವರ್ಷಗಳಲ್ಲಿ ಕುಷ್ಠರೋಗಕ್ಕೆಂದೇ ಇದ್ದ ಪ್ರತ್ಯೇಕ ಸಿಬ್ಬಂದಿಯನ್ನು ಸಾಮಾನ್ಯ ಆರೋಗ್ಯಸೇವೆಯಲ್ಲಿ ವಿಲೀನಗೊಳಿಸಲಾಗಿತ್ತು. ವಿಲೀನವು ಕಳಂಕವನ್ನು ಕಡಿಮೆ ಮಾಡುವ ಹೆಜ್ಜೆ. ಅಂತಿಯಾ ಅವರು ಜೆ.ಜೆ. ಆಸ್ಪತ್ರೆಯಲ್ಲಿ ಬಯಸಿದ್ದೂ ಅದನ್ನೇ. ಆದರೆ ಪರಿಣತಿಯೂ ಅದರೊಂದಿಗೆ ಕರಗಿಹೋದರೆ, ಹುಣ್ಣನ್ನು ಕಟ್ಟಬಲ್ಲ ಕೈಗಳು ಕೊಂಢವಾದಂತಹ ಕೆಲವೇ ಸ್ಥಳಗಳಲ್ಲಿ ಉಳಿಯುತ್ತವೆ.

4. ಗಡಿ ದಾಟಿದ ಕೂಲಿಕಾರ ಮತ್ತು ಭಾಷೆ

ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕಾಗಿ ಪುಣೆಗೆ ಗುಳೆ ಹೋಗುವವರ ಪರಂಪರೆ ಹಳೆಯದು. ಅಫಜಲಪುರದ ಕಡೆಯ ಕೂಲಿಕಾರನೊಬ್ಬನ ಬೆನ್ನಿನಲ್ಲಿ ಮಸುಕಾದ ಮಚ್ಚೆಯೊಂದು ಮೂಡಿದೆ ಎಂದು ಕಲ್ಪಿಸಿಕೊಳ್ಳೋಣ. ನೋವಿಲ್ಲ, ನವೆಯಿಲ್ಲ, ಆದುದರಿಂದ ಚಿಂತೆಯೂ ಇಲ್ಲ. ಮಹಾರಾಷ್ಟ್ರದ ಆರೋಗ್ಯ ಪ್ರಚಾರದಲ್ಲಿ ಈ ಲಕ್ಷಣಕ್ಕೆ ಇರುವ ಮಾತು 'ಬಧೀರ ಚಟ್ಟಾ'. ಮರಾಠಿಯಲ್ಲಿ 'ಬಧೀರ' ಎಂದರೆ ಮರಗಟ್ಟಿದ, 'ಚಟ್ಟಾ' ಎಂದರೆ ಮಚ್ಚೆ. ಕನ್ನಡದ ಕಿವಿಗೆ 'ಬಧಿರ'ನು ಕಿವುಡ. 'ಚಟ್ಟ'ವು ಹೆಣ ಹೊರುವ ಸಾಧನ. ಸೋದರ ಸಂಪರ್ಕದ ಎರಡು ಭಾಷೆಗಳ ನಡುವೆ ಒಂದೇ ಧ್ವನಿರೂಪ ಹೇಗೆ ಅರ್ಥವನ್ನು ತಪ್ಪಿಸಬಲ್ಲದೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಸಿಗಲಾರದು. ಮೊದಲ ವರ್ಷದಲ್ಲಿಯೇ ಅರ್ಥವಾದರೆ ಆರು ಅಥವಾ ಹನ್ನೆರಡು ತಿಂಗಳ ಉಚಿತ ಔಷಧದಲ್ಲಿ ಮುಗಿಯುವ ರೋಗ, ಅರ್ಥವಾಗದೆ ಹೋದರೆ ಕೈಕಾಲುಗಳನ್ನು ತೆಗೆದುಕೊಳ್ಳುತ್ತದೆ.

ಅವನು ಚಿಕಿತ್ಸೆ ಆರಂಭಿಸಿದನೆನ್ನೋಣ. ಮಾತ್ರೆಗಳ ಹಾಳೆ ತಿಂಗಳಿಗೊಂದರಂತೆ ದೊರೆಯುತ್ತದೆ. ಹಬ್ಬಕ್ಕೋ ಬಿತ್ತನೆಗೋ ಅವನು ಊರಿಗೆ ಮರಳಿದರೆ ಹೆಸರು ಪುಣೆಯ ಪಟ್ಟಿಯಲ್ಲಿ, ದೇಹ ಭೀಮಾ ತೀರದಲ್ಲಿ. ಆರೋಗ್ಯ ಯೋಜನೆಯು ಜಿಲ್ಲೆಯನ್ನು ಘಟಕವಾಗಿ ಎಣಿಸುತ್ತದೆ. ಬಡವನ ಬದುಕು ಜಿಲ್ಲೆಯೊಳಗೆ ನಿಲ್ಲುವುದಿಲ್ಲ.

ಈ ಸಂದರ್ಭದಲ್ಲಿ 1981ರಲ್ಲಿ ಭಾರತೀಯ ಸಮಾಜವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನಾ ಪರಿಷತ್ತುಗಳ ಜಂಟಿ ಅಧ್ಯಯನ ತಂಡವು 'ಎಲ್ಲರಿಗೂ ಆರೋಗ್ಯ' ಕುರಿತು ನೀಡಿದ ವರದಿಯನ್ನು ಸ್ಮರಿಸುವುದು ಉಚಿತ. ಅದರ ಹಿಂದಿದ್ದ ಪ್ರಮುಖರಲ್ಲೊಬ್ಬರು ಜೆ.ಪಿ. ನಾಯಕ್, 1930ರ ದಶಕದಲ್ಲಿ ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಆರೋಗ್ಯಸೇವೆಯನ್ನು ಆಸ್ಪತ್ರೆಯಿಂದ ಕೆಳಕ್ಕೆ ಹಂಚುವ ಬದಲು ಸಮುದಾಯದಿಂದ ಮೇಲಕ್ಕೆ ಕಟ್ಟಬೇಕೆಂಬುದು ಆ ವರದಿಯ ತಿರುಳು. ಅಂತಿಯಾ ಅವರೂ ಇದೇ ದಾರಿಯವರು. 1970ರ ದಶಕದಲ್ಲಿ ಅವರು ಆಲಿಬಾಗ ತಾಲ್ಲೂಕಿನ ಮಾಂಡವಾ ಪರಿಸರದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿಯಿತ್ತು ಆರೋಗ್ಯಸೇವೆಯನ್ನು ಅವರ ಕೈಗೊಪ್ಪಿಸಿದರು. ಮಚ್ಚೆಯನ್ನು ಮೊದಲು ಕಾಣುವವಳು ವೈದ್ಯಳಲ್ಲ, ನೆರೆಯವಳು. ಅವಳಾಡುವುದು ರೋಗಿಯ ಭಾಷೆಯನ್ನೇ.

5. ಉಪಸಂಹಾರ

ಕಾನೂನಿನ ಮಾತು ಈಗೀಗ ಬದಲಾಗಿದೆ. ಶತಮಾನವನ್ನೂ ದಾಟಿ ಬದುಕಿದ 1898ರ ಕಾಯ್ದೆಯನ್ನು ಸಂಸತ್ತು 2016ರಲ್ಲಿ ರದ್ದುಪಡಿಸಿತು. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯು ಕುಷ್ಠರೋಗದಿಂದ ಗುಣವಾದವರನ್ನೂ ಹೆಸರಿಸಿ ಸೇರಿಸಿಕೊಂಡಿತು. 2019ರಲ್ಲಿ ವೈಯಕ್ತಿಕ ಕಾನೂನುಗಳಿಗೆ ತಂದ ತಿದ್ದುಪಡಿಯಿಂದ ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗುವುದು ನಿಂತಿತು. ಪಟ್ಟಿಯಿಂದ ಹೊರಬಿದ್ದವನನ್ನು ಹಕ್ಕಿನ ಮೂಲಕ ಮತ್ತೆ ಕಾಣುವ ಯತ್ನವಿದು.

ಹದಿನಾರನೆಯ ಶತಮಾನದ ಮೂರನೆಯ ಮಂಗರಸನ 'ಶ್ರೀಪಾಲಚರಿತೆ'ಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಜೈನ ಪರಂಪರೆಯ ಆ ಕಥೆಯಲ್ಲಿ ಕುಷ್ಠಪೀಡಿತನಾದ ಅರಸ ಏಳುನೂರು ಸಹರೋಗಿಗಳೊಡನೆ ನಾಡು ತೊರೆಯುತ್ತಾನೆ. ಮೈನಾಸುಂದರಿಯ ಭಕ್ತಿಯಿಂದ ಗುಣವಾಗುತ್ತಾನೆ. ಕೊನೆಗೆ ತನ್ನ ರಾಜ್ಯಕ್ಕೆ ಮರಳುತ್ತಾನೆ. ಗುಣವಾಗುವುದಕ್ಕೂ ಮರಳುವುದಕ್ಕೂ ನಡುವೆ ಕಥೆಯಲ್ಲಿ ಬಹಳ ದಾರಿಯಿದೆ ಎಂಬುದನ್ನು ನಾವು ಮರೆಯಬಾರದು. ಆಧುನಿಕ ಯೋಜನೆ ಮೊದಲನೆಯದನ್ನು ಸಾಧಿಸಿ, ಲೆಕ್ಕವನ್ನು ಅಲ್ಲಿಗೇ ಮುಗಿಸಿತು. ಏಳುನೂರು ಮಂದಿಯಲ್ಲಿ ಎಷ್ಟು ಜನ ಮನೆಗೆ ಮರಳಿದರೆಂದು ಕೇಳುವ ಅಂಕಣ ಅದರ ಪಟ್ಟಿಯಲ್ಲಿಲ್ಲ. ಆ ಅಂಕಣವನ್ನು ಸೇರಿಸುವುದು ಆಡಳಿತದ ಕೆಲಸ. ಅದಕ್ಕೆ ತಕ್ಕ ಪದಗಳನ್ನು, ಅರ್ಥ ತಪ್ಪದ ಕನ್ನಡದಲ್ಲಿ, ಗಡಿಯಾಚೆಯ ಕೂಲಿಕಾರನಿಗೂ ತಿಳಿಯುವಂತೆ ಒದಗಿಸಿಕೊಡುವುದು ನಮ್ಮಂತಹ ವಿಭಾಗಗಳ ಕೆಲಸ.